ಬದುಕಿರುವ ಅಮ್ಮನಿಗೆ ಹನ್ನೊಂದು ರೂಪಾಯಿಯ ದೀಪ

ಮಧುರೆ, ದೊಡ್ಡಬಳ್ಳಾಪುರ ತಾಲ್ಲೂಕು
12 ನವೆಂಬರ್ 2025, ಬುಧವಾರ

ನವೀನನಿಗೆ,

ಪ್ರೀತಿಯ ಎಂದು ಬರೆಯಲು ಕೈ ಬರಲಿಲ್ಲ, ಅದಕ್ಕೇ ಬರೀ ಹೆಸರು ಬರೆದಿದ್ದೇನೆ. ಪದ್ಮಶ್ರೀ ಹೇಗಿದ್ದಾಳೆ? ಬೆನ್ನುನೋವು ಅಂತಿದ್ದಳು, ವಾಸಿಯಾಯಿತಾ? ಹೆಂಡತಿಯನ್ನಾದರೂ ಸರಿಯಾಗಿ ನೋಡಿಕೋ. ನಿನ್ನ ಆರೋಗ್ಯವನ್ನು ಕೇಳುವ ಅಗತ್ಯವಿಲ್ಲ, ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ಒಂದು ಶಿಫ್ಟೂ ತಪ್ಪಿಸದೆ ಹೋಗುತ್ತಿದ್ದೀಯ ಎಂದು ನಿನ್ನ ಜೊತೆ ಕೆಲಸ ಮಾಡುವ ನಮ್ಮೂರಿನ ಬೈರೇಶ ಹೇಳಿದ. ಅಕ್ಕನ ಫೋನು ಎತ್ತಲು ಮಾತ್ರ ನಿನಗೆ ಕೈಯಲ್ಲಿ ಶಕ್ತಿಯಿಲ್ಲ. ಹತ್ತು ದಿನದಿಂದ ಮಾಡಿ ಮಾಡಿ ಸಾಕಾಯಿತು, ಕೊನೆಗೆ ನೀನು ನನ್ನ ನಂಬರನ್ನೇ ಬ್ಲಾಕ್ ಮಾಡಿದೆ. ನೀನಿರುವ ಅರಿಶಿನಕುಂಟೆ ಎಷ್ಟು ದೂರ, ಒಂದು ಗಂಟೆಯ ದಾರಿ. ಬಂದು ನಿನ್ನ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವ ಹಾಗೆ ಉಗಿಯಬಹುದಿತ್ತು. ಬಾಡಿಗೆ ಮನೆಯವರೆದುರು ಪದ್ಮಶ್ರೀ ತಲೆ ತಗ್ಗಿಸಬೇಕಾಗುತ್ತದೆ ಎಂದು ಸುಮ್ಮನಾದೆ. ಈ ಕಾಗದವನ್ನು ಬೈರೇಶನ ಕೈಲೇ ಕಳಿಸುತ್ತಿದ್ದೇನೆ. ನೀನು ಒಡೆದು ಓದುವವರೆಗೂ ಅಲ್ಲೇ ನಿಂತಿರಬೇಕು ಎಂದು ಅವನಿಗೆ ಹೇಳಿದ್ದೇನೆ.

ಶ್ರಾವಣದಲ್ಲಿ ನೀನು ಅಮ್ಮನ ಮನೆಗೆ ಬಂದೆಯಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು. ಕೆಲಸವಿಲ್ಲದೆ ನೀನು ಅಮ್ಮನನ್ನು ನೋಡಲು ಬರುವವನೇ ಅಲ್ಲ. ಫ್ಯಾಕ್ಟರಿ ಗೇಟಿನ ಹತ್ತಿರ ಹೊಸ ಬ್ಯಾಂಕಿನವರು ಮೇಜು ಹಾಕಿದ್ದಾರೆ, ಹಳೆ ಬ್ಯಾಂಕು ಬಿಟ್ಟು ಅವರಲ್ಲಿಗೆ ಹೋದರೆ ಒಂದು ಖಾತೆಗೆ ಮೂರು ಸಾವಿರ ಕೊಡುತ್ತಾರೆ ಎಂದೆ. ನಿನ್ನದಾಗಿತ್ತು, ಪದ್ಮಶ್ರೀಯದಾಗಿತ್ತು, ಇನ್ನು ಉಳಿದದ್ದು ಅಮ್ಮನದು. ಡೇರಿಗೆ ಹಾಕಿದ ಹಾಲಿನ ದುಡ್ಡು ಬಂದು ಬೀಳುವ ಖಾತೆ ಅದು, ನೀನು ಐಟಿಐ ಓದಿದ್ದೂ ಅದೇ ದುಡ್ಡಿನಲ್ಲಿ. ಪಾಪ, ಅಮ್ಮ ಕೊಟ್ಟಿಗೆಯಿಂದ ಕೈ ತೊಳೆದುಕೊಂಡು ಬಂದು, ಫೋನಿಗೆ ಬಂದ ನಂಬರನ್ನು ನಿನಗೆ ತೋರಿಸಿ, ನೀನು ಹೇಳಿದ ಕಡೆಯೆಲ್ಲ ಒತ್ತಿದಳು. ಆಮೇಲೆ ನಿನಗೆ ಮುದ್ದೆ ಬಸ್ಸಾರು ಬಡಿಸಿದಳು. ಮಾರನೇ ದಿನ ಡೇರಿ ಹತ್ತಿರ ಸಾಲು ನಿಂತವರಿಗೆಲ್ಲ ನನ್ನ ಮಗ ಒಳ್ಳೆ ಬ್ಯಾಂಕಿಗೆ ಹಾಕಿಕೊಟ್ಟ ಎಂದು ಹೇಳಿಕೊಂಡು ಬಂದಳು. ಆ ಮೂರು ಸಾವಿರಕ್ಕೆ ಒಂದು ಷರತ್ತಿದೆ, ಖಾತೆಯಿಂದ ಮೂರು ತಿಂಗಳ ಕಾಲ ಪ್ರತಿ ತಿಂಗಳೂ ತಾನಾಗಿ ದುಡ್ಡು ಕಡಿತವಾಗುವ ಎರಡು ಬಾಬತ್ತು ಇರಲೇಬೇಕು ಎನ್ನುವುದನ್ನು ನೀನು ಬಾಯಿ ಬಿಡಲಿಲ್ಲ. ಅಮ್ಮನಿಗೆ ಸಾಲವಿಲ್ಲ, ಕಂತಿಲ್ಲ, ಕಡಿತವಾಗಲು ಏನಿದೆ? ಇಲ್ಲದ್ದನ್ನು ನೀನೇ ಹುಟ್ಟಿಸಿದೆ. ಒಂದು, ತಿಂಗಳಿಗೆ ಹತ್ತು ರೂಪಾಯಿಗೆ ಮೊಬೈಲಿನಲ್ಲೇ ಚಿನ್ನ ಕೊಳ್ಳುವ ಉಳಿತಾಯ. ಇನ್ನೊಂದು ಏನೆಂದು ನಮಗೆ ಗೊತ್ತಾದದ್ದು ಕಳೆದ ತಿಂಗಳ ಕೊನೆಗೆ.

ಅವತ್ತು ಅಮ್ಮನ ಹೆಸರಿಗೆ ಒಂದು ಕವರ್ ಬಂತು. ಯಾವುದೋ ಆಶ್ರಮದ್ದು, ಒಳಗೆ ವಿಭೂತಿ ಪೊಟ್ಟಣ, ಒಂದು ಕಾರ್ಡು. ಅಮ್ಮನಿಗೆ ಸಣ್ಣ ಅಕ್ಷರ ಕಾಣಿಸುವುದಿಲ್ಲ, ಓದೇ ಎಂದಳು. ನಾನೂ ಹಿಂದೆ ಮುಂದೆ ನೋಡದೆ ಜೋರಾಗಿ ಓದಿಬಿಟ್ಟೆ. "ಕೀರ್ತಿಶೇಷರಾದ ಶ್ರೀಮತಿ ಅಮ್ಮಯಮ್ಮನವರ ಸ್ಮರಣಾರ್ಥ, ಅವರ ಸುಪುತ್ರ ನವೀನ್‌ಕುಮಾರ್ ಅವರ ಸೇವೆಯಾಗಿ ಪ್ರತಿ ತಿಂಗಳೂ ದೀಪ ಬೆಳಗಲಾಗುತ್ತಿದೆ. ಅಗಲಿದ ಆತ್ಮಕ್ಕೆ ಸದ್ಗತಿ ದೊರೆಯಲಿ." ಕೆಳಗೆ ತೀರಿಕೊಂಡ ದಿನಾಂಕವೂ ಇತ್ತು ಕಣೋ, ನೀನು ಮುದ್ದೆ ತಿಂದು ಹೋದ ದಿನದ್ದೇ. ಅಮ್ಮ ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ನಾಲ್ಕಾಗಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಹಸುಗಳಿಗೆ ನೀರು ಕುಡಿಸಲು ಎದ್ದು ಹೋದಳು.

ತಕ್ಷಣ ನಿನಗೆ ಫೋನ್ ಮಾಡಿದೆನಲ್ಲ, ನೀನು ಎತ್ತಿದ ಕಡೆಯ ಫೋನು ಅದೇ. ತಪ್ಪಾಯಿತು, ಅವಸರದಲ್ಲಿ ಏನೋ ಒತ್ತಿಬಿಟ್ಟೆ ಎನ್ನುತ್ತೀಯ ಎಂದುಕೊಂಡಿದ್ದೆ. ಹಾಗಂದಿದ್ದರೆ ದೇವರಾಣೆಗೂ ನಂಬುತ್ತಿದ್ದೆ. ನೀನು ಅಂದದ್ದು ಇದು: "ಬದುಕಿರೋರ ಹೆಸ್ರಲ್ಲಿ ದೀಪ ಹಚ್ಚೋಕೆ ಐವತ್ತೊಂದ್ರುಪಾಯಿ ಅಕ್ಕ, ತೀರ್ಕೊಂಡೋರಿಗಾದ್ರೆ ಹನ್ನೊಂದೇ. ಮೂರು ತಿಂಗ್ಳಾದ್ಮೇಲೆ ನಿಲ್ಲಿಸ್ಬಿಡ್ತಿದ್ದೆ, ಅವರು ಕಾರ್ಡ್ ಕಳಿಸ್ತಾರೆ ಅಂತ ನಂಗೇನು ಗೊತ್ತು?" ನಲವತ್ತು ರೂಪಾಯಿ ಕಣೋ ನವೀನ. ನೀನು ದಿನಾ ಗೇಟಿನ ಮುಂದೆ ಟೀ ಕುಡಿದು ಸಿಗರೇಟು ಸೇದುವುದಕ್ಕೆ ಅದಕ್ಕಿಂತ ಹೆಚ್ಚಾಗುತ್ತದೆ. ಅಷ್ಟೂ ಅಮ್ಮನ ಖಾತೆಯಿಂದಲೇ ಹೋಗುವ ದುಡ್ಡು, ನಿನ್ನ ಜೇಬಿನದಲ್ಲ. ಅದರಲ್ಲೂ ಉಳಿಸಲು ಹೋದೆ. ನಾಚಿಕೆ ಎನ್ನುವುದನ್ನು ನೀನು ಎಲ್ಲಿ ಬಿಟ್ಟುಬಂದೆ?

ಸೋಮವಾರ ಅಮ್ಮನನ್ನು ಕರೆದುಕೊಂಡು ದೊಡ್ಡಬಳ್ಳಾಪುರದ ಬ್ಯಾಂಕಿಗೆ ಹೋಗಿದ್ದೆ. ಅಲ್ಲಿದ್ದ ಹುಡುಗಿ ಎರಡೇ ನಿಮಿಷದಲ್ಲಿ ಎರಡು ಕಡಿತವನ್ನೂ ನಿಲ್ಲಿಸಿಕೊಟ್ಟಳು. ಬಹುಮಾನದ ಮೂರು ಸಾವಿರ ಬಂದ ದಿನವೇ ನಿನ್ನ ಖಾತೆಗೆ ಹೋಗಿದೆ ಎಂದೂ ತೋರಿಸಿದಳು. ಅಮ್ಮ ದುಡ್ಡಿನ ವಿಷಯ ಏನೂ ಕೇಳಲಿಲ್ಲ. ಬಸ್ಸಿನಲ್ಲಿ ಬರುವಾಗ ನಾನೇ ಸಮಾಧಾನ ಮಾಡಲು ಹೋದೆ. ಬದುಕಿರುವವರನ್ನು ಸತ್ತರು ಎಂದರೆ ಆಯಸ್ಸು ಹೆಚ್ಚುತ್ತದಂತೆ, ಊರಲ್ಲೆಲ್ಲ ಹಾಗೇ ಹೇಳುವುದಿಲ್ಲವೇ ಅಮ್ಮ ಎಂದೆ. ಅವಳು ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು, "ಹಂಗೆ ಹೆಚ್ಚೋದು ಬ್ಯಾರೇವ್ರು ಅಂದ್ರೆ ಕಣಮ್ಮ. ಹೆತ್ತ ಮಗನೇ ಬರೆಸಿದ್ರೆ ಹೆಂಗ್ ಹೆಚ್ಚತದೆ?" ಇದಕ್ಕೆ ಉತ್ತರ ನಿನಗೆ ಹೊಳೆದರೆ ನೀನೇ ಬಂದು ಹೇಳು. ಅವಳು ಹಾಲು ಕರೆಯುತ್ತಾಳೆ, ಹುಲ್ಲು ತರುತ್ತಾಳೆ, ಉಣ್ಣುತ್ತಾಳೆ, ನಿನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ನಿನ್ನ ಹೆಸರನ್ನೇ ಎತ್ತುವುದಿಲ್ಲ ಅವಳು.

ನಿನಗೆ ಒಳ್ಳೆಯದಾಗಲಿ ಎಂದು ಬರೆಯುವಷ್ಟು ದೊಡ್ಡ ಮನಸ್ಸು ಇವತ್ತು ನನಗಿಲ್ಲ. ಪದ್ಮಶ್ರೀಗೆ ನನ್ನ ಆಶೀರ್ವಾದ ತಿಳಿಸು. ಅವಳಿಗೆ ಈ ಕಾಗದ ಓದಲು ಕೊಡು, ಮುಚ್ಚಿಡಬೇಡ.

ನಿನ್ನ ಅಕ್ಕ,
ರಮ್ಯ

ತಾ.ಕ.: ಬೈರೇಶ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾನೆ. ಇದನ್ನು ಬರೆಯುವುದೋ ಬೇಡವೋ ಎಂದು ಬೆಳಗ್ಗೆಯಿಂದ ಯೋಚಿಸುತ್ತಿದ್ದೆ. ನಿನ್ನೆ ಸಂಜೆ ಅಮ್ಮ ನಮ್ಮ ಯಜಮಾನರನ್ನು ಕರೆಸಿಕೊಂಡು, ತನ್ನನ್ನು ಹೊಲದಲ್ಲಿ ಅಪ್ಪನ ಪಕ್ಕ ಮಣ್ಣು ಮಾಡುವಾಗ ಮೊದಲ ಹಿಡಿ ಮಣ್ಣು ಕೆಂಪರಾಜ, ನೀನೇ ಹಾಕಬೇಕು ಕಣಪ್ಪ, ಮಾತು ಕೊಡು ಎಂದಳು. ಮಗ ಇರುವಾಗ ಅಳಿಯ ಹಾಕುವುದು ಹೇಗೆ ಅತ್ತೆ ಎಂದರು ಇವರು. "ಅವ್ನು ನನ್ನ ಕಾರ್ಯ ಆಗ್ಲೇ ಮುಗ್ಸವ್ನೆ. ಎರಡೆರಡ್ಸಲ ಅವನ್ಗ್ಯಾಕೆ ತೊಂದ್ರೆ" ಎಂದಳು. ಭಾನುವಾರ ಹೇಳುತ್ತೇನೆ ಎಂದು ಇವರು ತಪ್ಪಿಸಿಕೊಂಡು ಬಂದಿದ್ದಾರೆ. ಅತ್ತೆ ಮತ್ತೆ ಕೇಳಿದರೆ ಇಲ್ಲ ಎನ್ನುವ ಮನುಷ್ಯರಲ್ಲ, ಮಾತು ಕೊಟ್ಟ ಮೇಲೆ ತಪ್ಪುವವರೂ ಅಲ್ಲ. ಭಾನುವಾರದೊಳಗೆ ಬಂದು ಅವಳ ಮುಂದೆ ಕೂತು ಏನು ಹೇಳಬೇಕೋ ಹೇಳು. ಬರದೇ ಹೋದರೆ, ಆ ದಿನ ಬಂದಾಗ ನೀನು ಊರಿನವರ ಜೊತೆ ದೂರ ನಿಂತು ನೋಡಬೇಕಾಗುತ್ತದೆ.