ಅಜ್ಜಿಗೆ ಕೊನೆಯ ಅಧ್ಯಾಯ ಇನ್ನೂ ಬಾಕಿ ಇದೆ

ಬೈರೇಶ,

ಇವತ್ತು ಸಂಜೆ ಅಜ್ಜಿಯನ್ನು ಆ ಚಂದ್ರನ ಕಾದಂಬರಿಯ ಸಿನಿಮಾಕ್ಕೆ ಕರೆದುಕೊಂಡು ಹೋಗಬೇಡ. ನಿನ್ನೆ ನಾನೇ ನೋಡಿ ಬಂದೆ. ಗಾಳಿಯೇ ಇಲ್ಲದ ಚಂದ್ರನ ಮೇಲೆ ಹೀರೋ ಕೂದಲು ಹಾರಾಡುತ್ತದೆ, ತಮಟೆ ಬೇರೆ ಕೇಳಿಸುತ್ತದೆ. ಕಾದಂಬರಿಯಲ್ಲಿ ನಲವತ್ತು ಪುಟ ಒಂದು ಮಾತೂ ಆಡದೆ ಒಬ್ಬನೇ ಕೂತಿರುವ ಮನುಷ್ಯ ಇಲ್ಲಿ ಹನ್ನೆರಡು ಜನರನ್ನು ಹೊಡೆದುಹಾಕುತ್ತಾನೆ. ಅವರೆಲ್ಲ ಅಲ್ಲಿಗೆ ಯಾವ ಬಸ್ಸಿನಲ್ಲಿ ಬಂದರೋ! ಕೊನೆಗೆ ಸೀದಾ ಮದುವೆ ಮಂಟಪಕ್ಕೇ ಇಳಿಯುತ್ತಾನೆ.

"ಸುಮ್ನೆ ಕೂತಿರೋನ್ನ ನೋಡೋಕೆ ಯಾರ್ ಬರ್ತಾರಕ್ಕಾ?" ಅನ್ನುತ್ತೀಯ. ನಮ್ಮ ಅಜ್ಜಿ ಒಂದು ತಿಂಗಳಿಂದ ದಿನಾ ಸಂಜೆ ನಾನು ಓದುವ ಅವನ ಕಥೆಯನ್ನೇ ಕೇಳುತ್ತಿದ್ದಾಳೆ. ಭೂಮಿಯ ಜೊತೆ ಮಾತಾಡುವ ರೇಡಿಯೋವನ್ನೂ ಅವನು ಆಫ್ ಮಾಡಿದ ಪುಟದಲ್ಲಿ ಅವರೆಕಾಳು ಹಿದುಕುತ್ತಿದ್ದ ಅವಳ ಕೈಯೂ ನಿಂತುಹೋಯಿತು. "ಪಾಪ, ಆ ಮಗ ವಾಪಸ್ ಬರ್ತಾನೇನೇ?" ಅಂದಳು. ಪುಸ್ತಕದಲ್ಲಿ ಮದುವೆಯೂ ಇಲ್ಲ, ಮಂಟಪವೂ ಇಲ್ಲ. ಅದಕ್ಕೇ ಕೊನೆಯ ಅಧ್ಯಾಯವನ್ನು ಒಂದು ವಾರದಿಂದ ಮುಂದೂಡುತ್ತಿದ್ದೇನೆ. ತಪ್ಪು ನನ್ನದೇ. ಇವತ್ತು ಓದಿ ಮುಗಿಸುತ್ತೇನೆ.

ಅವಳ ಟಿಕೆಟ್ ನಿನ್ನ ಗೆಳೆಯ ಕೆಂಪರಾಜನಿಗೆ ಕೊಡು. ಶಿಳ್ಳೆ ಹೊಡೆಯಲು ನಿನಗೂ ಜೊತೆಯಾಗುತ್ತದೆ.

ಅವರೆಕಾಳು ನೆನೆಹಾಕಿದ್ದೇನೆ, ಯಾರೂ ಹಿದುಕಬೇಡಿ. ಓದುವಾಗ ಅವಳ ಕೈಗೆ ಕೆಲಸ ಬೇಕು.

ಮೆಜೆಸ್ಟಿಕ್‌ನಲ್ಲಿ ಐದೂವರೆಯ ಬಸ್ ಸಿಕ್ಕರೆ ಏಳರೊಳಗೆ ನೆಲಮಂಗಲದಲ್ಲಿರುತ್ತೇನೆ. ನೀನು ಸಿನಿಮಾಕ್ಕೆ ಹೊರಡುವ ಮೊದಲು, ಅವನು ವಾಪಸ್ ಬರುತ್ತಾನಾ ಎಂದು ಅಜ್ಜಿ ನಿನ್ನನ್ನು ಕೇಳಿದರೆ, ಗೊತ್ತಿಲ್ಲ ಅನ್ನು. ನೀನು ಪುಸ್ತಕ ಓದಿಲ್ಲವಲ್ಲ, ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.

ಅಕ್ಕ