ಕನ್ನಡದಲ್ಲಿ ಕೇಳಿದ ಪ್ರಶ್ನೆ

ಅಕ್ಟೋಬರ್ 14, 2023, ಶನಿವಾರ. ಲಾಂಗ್ ಬೀಚ್.

ಮನೆ ಸಿಕ್ಕಿತು. ಹೇಸಿಗೆ ಮಾತ್ರ ಹೋಗುತ್ತಿಲ್ಲ.

ಎರಡನೇ ಮಹಾಯುದ್ಧಕ್ಕೂ ಮುಂಚಿನ ಕೋ-ಆಪ್ ಕಟ್ಟಡ. ಅಪಾರ್ಟ್‌ಮೆಂಟ್ ಪೂರ್ತಿ ರಿನೋವೇಟ್ ಆಗಿದೆ, ಆದರೆ ಅಲ್ಲಿನ ನಿವಾಸಿಗಳದೇ ಬೋರ್ಡಿನವರು ಒಪ್ಪಿದರಷ್ಟೇ ಕೊಳ್ಳಬಹುದು. ಇಂಟರ್‌ವ್ಯೂನಲ್ಲಿ ಎಲ್ಲರೂ ನಗುನಗುತ್ತಲೇ ಮಾತಾಡಿದರು, ಈ ಬೀದಿಯಲ್ಲಿ ಎಲ್ಲ ದೇಶದವರೂ ಇದ್ದಾರೆಂದು ಹೆಮ್ಮೆಪಟ್ಟರು. ಆಮೇಲೆ ಬೋರ್ಡಿನ ಕೇಶವಮೂರ್ತಿ ಅಂಕಲ್, ಬೆಂಗಳೂರಿನವರು, ಹೊಸ ಕಿಚನ್ ತೋರಿಸುವ ನೆಪದಲ್ಲಿ ನಮ್ಮಿಬ್ಬರನ್ನೇ ಒಳಗೆ ಕರೆದರು. ಇಂಗ್ಲಿಷಿನಲ್ಲಿ ಕೇಳಬಾರದ್ದನ್ನು ಕನ್ನಡದಲ್ಲಿ ಕೇಳಿದರು.

"ಉಡುಪಿ ಅಂದ್ರಲ್ಲ, ಹಾಗಾದ್ರೆ ನಮ್ಮವರೇ. ಮೀನು ಗೀನು ಇಲ್ಲ ತಾನೆ? ಹಳೇ ಬಿಲ್ಡಿಂಗು, ವಾಸನೆ ಎಲ್ಲಾ ಕಡೆ ಹೋಗುತ್ತೆ."

"ಇಲ್ಲ ಅಂಕಲ್, ನಾವು ಪ್ಯೂರ್ ವೆಜ್," ಎಂದ ನನ್ನ ಗಂಡ ಸಂದೇಶ್.

ಮಲ್ಪೆಯಲ್ಲಿ ಮೀನು ಮಾರಿ ಇವನನ್ನು ಇಂಜಿನಿಯರಿಂಗ್ ಓದಿಸಿದ ನನ್ನ ಅತ್ತೆ ಕಣ್ಣೆದುರು ಬಂದರು. ಅಂಕಲ್ ಇವನ ಬೆನ್ನು ತಟ್ಟಿದರು. ಆ ಬಿಳಿ ಕೌಂಟರಿನ ಮೇಲೆ ಕೈ ಇಡಲೂ ನನಗೆ ಅಸಹ್ಯವಾಯಿತು.

ಕಾರಿನಲ್ಲಿ ಕೇಳಿದೆ: "ಅಮ್ಮ ಬಂದ್ರೆ ಎಂಥ ಹೇಳುದು?"

"ಫಸ್ಟ್ ಮನೆ ಸಿಗ್ಲಿ ಮಾರಾಯ್ತಿ. ಅದೆಲ್ಲ ಮತ್ತೆ ನೋಡುವ."

ಸಂಜೆ ಒಪ್ಪಿಗೆಯ ಇಮೇಲ್ ಬಂತು. ಖುಷಿಗೆ ಬಂಗುಡೆ ಮೀನು ಹುರಿ ಎಂದ. ಈ ಬಾಡಿಗೆ ಮನೆಯಲ್ಲಿ ಇದುವರೆಗೆ ಯಾರೂ ನಮ್ಮನ್ನು ಏನು ತಿನ್ನುತ್ತೀರಿ ಎಂದು ಕೇಳಿಲ್ಲ. ಪಕ್ಕದ ಮನೆಯ ಕಾಂಬೋಡಿಯಾದ ಅಜ್ಜಿ ಆಗಾಗ ಒಣಮೀನು ಕೊಟ್ಟುಹೋಗುತ್ತಾಳೆ. ಆದರೂ ಇವತ್ತು ಕಾವಲಿ ಬಿಸಿಯಾಗುವ ಮೊದಲೇ ಅವನು ಎದ್ದುಹೋಗಿ ಕಿಟಕಿ ಮುಚ್ಚಿದ.