ಎರಡನೇ ಗೇರಿನ ಅರೆಕ್ಷಣ

ಅಕ್ಟೋಬರ್ ೧೪, ಬುಧವಾರ. ಬೇಕರ್ಸ್‌ಫೀಲ್ಡ್.

ನಾಳೆ ಸಿನಿಮಾ ಕಳಿಸಬೇಕು. ಎಡಿಟ್ ಮಾಡಿ ಮುಗಿಸಿಟ್ಟಿದ್ದ ಕೊನೆಯ ರೇಸಿನ ದೃಶ್ಯವನ್ನು ಮತ್ತೆ ಬಿಚ್ಚಿಕೊಂಡು ಕೂತಿದ್ದೇನೆ.

ನಮ್ಮ ಹೀರೋಗೆ ಆ ರೇಸಿನ ಕಾರಿನ ಗೇರ್ ಹಾಕಲು ಬರುತ್ತಲೇ ಇರಲಿಲ್ಲ. ಹಳೇ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ ಹಾಟ್ ರಾಡ್ ಮಾಡಿದ ಮುದುಕ ವೆರ್ಲನ್ನೇ ಕ್ಯಾಮೆರಾಗೆ ಕಾಣದಂತೆ ಕಂಬಳಿ ಹೊದ್ದು, ಪಕ್ಕದ ಸೀಟಿನ ಮುಂದೆ ಮುದುರಿ ಕೂತು ಗೇರ್ ಎಳೆಯುತ್ತಿದ್ದ. "ಒತ್ತೋ ಕ್ಲಚ್ಚು, ಕತ್ತೆ" ಎಂದು ಬೈಯುತ್ತಿದ್ದ. ಆ ಬೈಗುಳವನ್ನೆಲ್ಲ ಸಿನಿಮಾದ ಧ್ವನಿಯಿಂದ ವಾರವಿಡೀ ಅಳಿಸಿದೆ. ಹೋದ ತಿಂಗಳು ವೆರ್ಲನ್ ತೀರಿಕೊಂಡ.

ಮಧ್ಯಾಹ್ನ ಅವನ ಹೆಂಡತಿ ನೇಡೀನ್ ನೋಡಲು ಬಂದಳು. ತೆರೆಯ ಮೇಲೆ ಹೀರೋ ಒಬ್ಬನೇ. ಮೂರನೇ ಗೇರಿಗೆ ಹೋಗುವ ಮುಂಚೆ ಎಂಜಿನ್ ಅರೆಕ್ಷಣ ಹೆಚ್ಚಿಗೆ ಕೂಗಿತು.

"ಇದು ನಮ್ಮೋನು," ಅಂದಳು. "ಎರಡನೇ ಗೇರಲ್ಲೇ ಒಂಚೂರು ಜಾಸ್ತಿ ಎಳೀತಿದ್ದ. ನಲವತ್ತು ವರ್ಷ ಹೇಳ್ದೆ, ಬಿಡಲಿಲ್ಲ."

ಕತ್ತರಿಸಲೆಂದು ನಾನು ಬೆಳಿಗ್ಗೆ ಗುರುತು ಹಾಕಿದ್ದು ಅದೇ ಅರೆಕ್ಷಣಕ್ಕೆ.

ಅವನ ದನಿ ವಾಪಸ್ ಹಾಕಲೇ ಎಂದು ಕೇಳಿದೆ.

"ಬೇಡ ಕಣೇ. ಒಂದ್ಸಲನಾದ್ರೂ ಬಾಯ್ಮುಚ್ಕೊಂಡಿರ್ಲಿ."

ಆಮೇಲೆ ಆ ಜಾಗವನ್ನೇ ನಾಲ್ಕು ಸಲ ಹಾಕಿಸಿ ಕೇಳಿದಳು.

ಉಳಿಸಿದರೆ ಹೀರೋ ಹಿಂಜರಿದ ಹಾಗೆ ಕಾಣುತ್ತದೆ. ಗೆಲ್ಲುವವನು ಅಲ್ಲಿ ಹಿಂಜರಿಯಬಾರದು. ಕತ್ತರಿಸಿದರೆ, ವೆರ್ಲನ್‌ನನ್ನು ಎರಡನೇ ಸಲ ಅಳಿಸಿದಂತೆ. ಗುರುತು ತೆಗೆದೆ, ಮತ್ತೆ ಹಾಕಿದೆ. ಅಷ್ಟಕ್ಕೂ ಈ ರೇಸು ಗೆದ್ದದ್ದು ಯಾರು ಅಂತಲೇ ನನಗೆ ಗೊತ್ತಾಗುತ್ತಿಲ್ಲ.